ಟೀಚರ್ ಕೈಗೊಂದು ಪೆನ್ಸಿಲ್ ಕೊಡಿ

ಈ ಸಲ ಶಾಲೆ ಶುರುವಾದ ಮೇಲೆ ನಮ್ಮ ಅಂಗಡಿಯಲ್ಲಿ ನೇರಳೆ ಪೆನ್ನು ಖಾಲಿಯಾಯಿತು. ತೀರ್ಥಹಳ್ಳಿಯಲ್ಲಿ ಪುಸ್ತಕ-ಪೆನ್ನಿನ ಅಂಗಡಿ ಇಟ್ಟುಕೊಂಡವನಿಗೆ ಇದು ದೊಡ್ಡ ಸುದ್ದಿಯೇ. ನೇರಳೆ ಅಂದರೆ ಮೂಲೆಯಲ್ಲಿ ಧೂಳು ಹಿಡಿಯುವ ಮಾಲು. ಪ್ರಾಜೆಕ್ಟಿಗೆ ಹೆಡ್ಡಿಂಗ್ ಬರೆಯಲು ಹೈಸ್ಕೂಲ್ ಹುಡುಗಿಯರು ಒಂದೊಂದು ಒಯ್ಯುತ್ತಾರೆ, ಅಷ್ಟೇ. ಈ ಸಲ ಡಬ್ಬಿಗಟ್ಟಲೆ ಹೋಯಿತು. ವಿಚಾರಿಸಿದರೆ, ಊರಿನ ಒಂದು ಖಾಸಗಿ ಶಾಲೆಯಲ್ಲಿ ಸರ್ಕ್ಯುಲರ್ ಬಂದಿದೆಯಂತೆ. ಇನ್ನು ಮುಂದೆ ಯಾರೂ ಕೆಂಪು ಶಾಯಿಯಲ್ಲಿ ಮಕ್ಕಳ ನೋಟ್ಸ್ ತಿದ್ದಬಾರದಂತೆ. ಕೆಂಪು ಕಂಡರೆ ಮಕ್ಕಳು ಹೆದರುತ್ತಾರಂತೆ. ನೇರಳೆ ಇಲ್ಲವೇ ಹಸಿರು ಬಳಸಬೇಕಂತೆ.

ವಿಷಯ ಪೋಷಕರ ವಾಟ್ಸಾಪ್ ಗ್ರೂಪಿಗೆ ಬಂತು ನೋಡಿ, ಆಮೇಲೆ ಬೇರೆ ಮಾತೇ ಇಲ್ಲ. ಒಬ್ಬರು "ನಾವೆಲ್ಲ ಬೆತ್ತದ ಏಟು ತಿಂದು ದೊಡ್ಡವರಾಗಲಿಲ್ವಾ? ಇಂಕಿಗೆ ಹೆದರ್ತಾರಾ?" ಅಂದರು. ಇನ್ನೊಬ್ಬರು 2009ರ ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ತಂದು ಹಾಕಿದರು. ಮಕ್ಕಳಿಗೆ ಹೊಡೆಯಬಾರದು, ಮಾನಸಿಕ ಹಿಂಸೆಯನ್ನೂ ಕೊಡಬಾರದು ಅಂತ ಅದರಲ್ಲಿದೆ, ನಿಜ. ಆದರೆ ಕಾಯ್ದೆ ಬರೆದವರ ತಲೆಯಲ್ಲಿ ಹತ್ತು ರೂಪಾಯಿ ಪೆನ್ನು ಇತ್ತು ಅಂತ ನನಗೆ ಅನಿಸುವುದಿಲ್ಲ. ಇದರ ನಡುವೆ ಒಬ್ಬರು ಗುಲಾಬಿ ಹೂವಿನ ಜೊತೆ ಶುಭೋದಯ ಹೇಳಿದರು. ಗ್ರೂಪ್ ಅಂದಮೇಲೆ ಅದೂ ಇರಬೇಕಲ್ಲ.

ನನ್ನ ಮಗಳೂ ಅದೇ ಶಾಲೆಯಲ್ಲಿ ಮೂರನೇ ಕ್ಲಾಸು. ಅವಳಮ್ಮ ಹಳ್ಳಿಯೊಂದರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಹೌದು, ಸರ್ಕಾರಿ ಟೀಚರ್ ಮಗಳು ಖಾಸಗಿ ಶಾಲೆಗೆ ಹೋಗುತ್ತಾಳೆ. ಬೈಯುವವರು ಬೈಯಿರಿ, ಅದಕ್ಕೆ ಬೇರೆಯದೇ ಪೋಸ್ಟ್ ಬೇಕು. ಅಂಗಡಿಯವನಾಗಿ ನನಗಂತೂ ಕೆಂಪು ಹೋದರೂ ಸೈ, ನೇರಳೆ ಹೋದರೂ ಸೈ. ಅಪ್ಪನಾಗಿ ಮಾತ್ರ ಒಂದು ತಕರಾರಿದೆ.

ಮೊನ್ನೆ ಮಗಳ ಕನ್ನಡ ನೋಟ್‌ಬುಕ್ ತೆಗೆದು ನೋಡಿದೆ. ಕೆಂಪು ಒಂದು ಚುಕ್ಕಿಯೂ ಇಲ್ಲ. ಉಕ್ತಲೇಖನದ ಪುಟದ ತುಂಬ ನೇರಳೆ ಇಂಟು ಮಾರ್ಕು. ಕೆಳಗೆ "ಅಕ್ಷರ ಚೆನ್ನಾಗಿಲ್ಲ, 5 ಸಲ ಬರೆ" ಅಂತ ನೇರಳೆಯಲ್ಲೇ ಇದೆ. ಪಕ್ಕದಲ್ಲಿ ದೊಡ್ಡದೊಂದು ಸುತ್ತು, ಅದರೊಳಗೆ ಹತ್ತಕ್ಕೆ ನಾಲ್ಕು. "ಬಣ್ಣ ಚಂದ ಇದೆ ಅಲ್ವಾ ಪುಟ್ಟಿ?" ಅಂತ ಕೇಳಿದೆ. "ನಾಲ್ಕೇ ಬಂದಿದೆ ಅಪ್ಪ" ಅಂದಳು.

ಹಾಗಂತ ಕೆಂಪಿನ ತಕರಾರು ಸುಮ್ನೆ ಹುಟ್ಟಿದ್ದೂ ಅಲ್ಲ. 2008ರಲ್ಲೇ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಶಿಕ್ಷಕರಿಗೆ ಕೊಟ್ಟ ಕೈಪಿಡಿಯೊಂದು ಕೆಂಪು ಪೆನ್ನು ಬೇಡ ಅಂದಿತ್ತು. ರಾಜಕೀಯದವರು ಅದನ್ನೂ ಹಿಡಿದು ಜಗ್ಗಾಡಿದರು. 2013ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ರಿಚರ್ಡ್ ಡ್ಯೂಕ್ಸ್ ಮತ್ತು ಹೀದರ್ ಅಲ್ಬನೇಸಿ ಅನ್ನುವ ಇಬ್ಬರು ಪ್ರಾಧ್ಯಾಪಕರು ಒಂದು ಪರೀಕ್ಷೆ ಮಾಡಿದರು. ಕಾಲೇಜು ವಿದ್ಯಾರ್ಥಿಗಳಿಗೆ ತಿದ್ದಿದ ಪ್ರಬಂಧ ಓದಲು ಕೊಟ್ಟರು. ಕೆಲವರ ಪ್ರತಿಯಲ್ಲಿ ತಿದ್ದಿದ್ದು ಕೆಂಪಿನಲ್ಲಿ, ಕೆಲವರದರಲ್ಲಿ ಹಸಿರು ಬೆರೆತ ನೀಲಿಯಲ್ಲಿ. ಕೆಂಪು ನೋಡಿದವರಿಗೆ ಆ ಮೇಷ್ಟ್ರು ಅಷ್ಟೇನೂ ಒಳ್ಳೆಯವರಲ್ಲ ಅನಿಸಿತಂತೆ. ಅವರಿಗೆ ವಿಷಯ ಗೊತ್ತಿಲ್ಲ ಅಂತ ಮಾತ್ರ ಅನಿಸಲಿಲ್ಲ. ಅಂದರೆ ಬಣ್ಣಕ್ಕೆ ಸ್ವಲ್ಪ ಪರಿಣಾಮ ಇದೆ, ಒಪ್ಪಿಕೊಳ್ಳೋಣ. ಆದರೆ ಅವರು ಕಾಲೇಜಿನವರು. ವರ್ಷಗಟ್ಟಲೆ ಕೆಂಪು ಇಂಟು ಮಾರ್ಕು ನೋಡಿ ಬಂದವರು.

ಕೆಂಪು ಬಣ್ಣ ಹುಟ್ಟಿನಿಂದಲೇ ಹೆದರಿಸುತ್ತದೆ ಅಂದರೆ ನಾನು ನಂಬುವುದಿಲ್ಲ. ಹಣೆಯ ಕುಂಕುಮ ಕೆಂಪು. ಮದುವೆ ಕಾಗದದ ಅಕ್ಷರ ಕೆಂಪು. ಕನ್ನಡ ಬಾವುಟದಲ್ಲಿ ಅರ್ಧ ಕೆಂಪು. ಅಡಿಕೆ ಮಂಡಿಗೆ ಹೋದರೆ ಬಣ್ಣ ಚೆನ್ನಾಗಿ ಕೂತ ಕೆಂಪಡಿಕೆ ಕಂಡು ನಗುವವರೇ ಎಲ್ಲ. ನೋಟ್‌ಬುಕ್ಕಿನಲ್ಲಿ ಮಾತ್ರ ಕೆಂಪು ಬಂದಾಗಲೆಲ್ಲ ತಪ್ಪನ್ನು ಜೊತೆಗೆ ಕರೆದುಕೊಂಡು ಬಂತು, ಹೆಸರು ಕೆಡಿಸಿಕೊಂಡಿತು. ಹೀಗೇ ನಡೆದರೆ ನೇರಳೆಗೂ ನಾಳೆ ಅದೇ ಗತಿ.

ನನಗೆ ಇದಕ್ಕಿಂತ ಜಾಸ್ತಿ ಹಿಡಿಸಿದ್ದು 2010ರ ಇನ್ನೊಂದು ಅಧ್ಯಯನ. ಏಬ್ರಹಾಂ ರಚಿಕ್ ಮತ್ತು ಅವರ ಜೊತೆಗಾರರು ಮಾಡಿದ್ದು. ಅವರು ಮಗುವನ್ನು ಬಿಟ್ಟು, ಪೆನ್ನು ಹಿಡಿದವರನ್ನು ನೋಡಿದರು. ಕೆಂಪು ಪೆನ್ನು ಕೊಟ್ಟವರು ಅದೇ ಪ್ರಬಂಧದಲ್ಲಿ ಜಾಸ್ತಿ ತಪ್ಪು ಹುಡುಕಿದರು. ಇನ್ನೊಂದು ಪ್ರಬಂಧಕ್ಕೆ ನೀಲಿ ಪೆನ್ನಿನವರಿಗಿಂತ ಕಡಿಮೆ ಅಂಕ ಕೊಟ್ಟರು. ಅರ್ಧ ಬರೆದ ಪದ ತುಂಬಿಸಿ ಅಂದರೆ ಸೋಲು, ತಪ್ಪು ಈ ಥರದ ಪದಗಳೇ ಅವರಿಗೆ ಜಾಸ್ತಿ ಹೊಳೆದವು. ಪೆನ್ನು ಕೈಗೆ ಬಂದ ಕೂಡಲೇ ಕಣ್ಣು ಬೇಟೆಗೆ ಇಳಿಯುತ್ತದೆ. ಇದನ್ನು ನಮ್ಮ ಮನೆಯ ಟೀಚರಿಗೆ ಓದಿ ಹೇಳಿದೆ. "ಇದಕ್ಕೆ ಅಮೆರಿಕದವರು ಬೇಕಿತ್ತಾ ರೀ?" ಅಂದಳು.

ಅವಳು ತಿದ್ದುವ ಕ್ರಮ ಬೇರೆ. ಅದನ್ನು ಹೇಳಲಿಕ್ಕೇ ಇಷ್ಟು ಪೀಠಿಕೆ ಹಾಕಿದೆ.

ಸಂಜೆ ಜಗುಲಿಯಲ್ಲಿ ನೋಟ್‌ಬುಕ್ಕಿನ ರಾಶಿ ಇಟ್ಟುಕೊಂಡು ಕೂರುತ್ತಾಳೆ. ಮಳೆಗಾಲದಲ್ಲಿ ಅವು ಮುಟ್ಟಿದರೆ ತಣ್ಣಗೆ, ಹಾಳೆಯ ಅಂಚು ಸುರುಳಿ. ಕಾಲುಸಂಕ ದಾಟಿ ಬರುವ ಮಕ್ಕಳ ಬ್ಯಾಗು ರೈನ್‌ಕೋಟಿನೊಳಗಿದ್ದರೂ ಒದ್ದೆಯಾಗದೆ ಇರುವುದಿಲ್ಲ. ಅಂಥ ಹಾಳೆಗೆ ಜೆಲ್ ಪೆನ್ನು ತಾಗಿಸಿದರೆ ಹಿಂದಿನ ಪುಟಕ್ಕೂ ಇಳಿಯುತ್ತದೆ. ನೇರಳೆ ಒಯ್ದ ಟೀಚರೊಬ್ಬರು ಮರುದಿನವೇ ಬಂದು "ಅಣ್ಣಾ, ಬೇರೆ ಕಂಪನಿದು ಇದ್ಯಾ? ಇದು ಆ ಕಡೆಗೂ ಮೂಡ್ತಿದೆ" ಅಂದದ್ದು ಇದಕ್ಕೇ. ದುಡ್ಡು ಅವರ ಕೈಯಿಂದಲೇ ಹೋದದ್ದು, ಪಾಪ.

ನನ್ನ ಹೆಂಡತಿ ಹಿಡಿಯುವುದು ಪೆನ್ಸಿಲ್. ಹುಡುಗನೊಬ್ಬ ಉಕ್ತಲೇಖನದಲ್ಲಿ ಕಪ್ಪೆ ಬರೆಯಲು ಹೋಗಿ "ಕಪೆ" ಅಂತ ಬರೆದಿದ್ದ. ಹಗ್ಗ "ಹಗ" ಆಗಿತ್ತು, ಬೆಟ್ಟ "ಬೆಟ" ಆಗಿತ್ತು. ಇಂಟು ಇಲ್ಲ, ಸುತ್ತು ಇಲ್ಲ. ಒತ್ತು ಎಲ್ಲಿ ಬರಬೇಕೋ ಸರಿಯಾಗಿ ಅಲ್ಲಿ, ಅಕ್ಷರದ ಕೆಳಗೆ, ಒಂದು ಸಣ್ಣ ಚುಕ್ಕಿ ಇಟ್ಟಳು. ಮರುದಿನ ಪುಸ್ತಕ ಅವನ ಕೈಗೆ ಹೋಗುತ್ತದೆ. ಚುಕ್ಕಿ ಇದ್ದಲ್ಲಿ ಏನೋ ಬಿಟ್ಟುಹೋಗಿದೆ ಅಂತ ಅವನಿಗೆ ಗೊತ್ತು. ಏನು ಬಿಟ್ಟಿದೆ ಅಂತ ಅವನೇ ಬಾಯಲ್ಲಿ ಹೇಳಿಕೊಂಡು ಹುಡುಕಬೇಕು. ಕಪ್... ಪೆ. ಸಿಕ್ಕಿತು. ಚುಕ್ಕಿ ಅಳಿಸಿ ಅದೇ ಜಾಗದಲ್ಲಿ ಒತ್ತು ಬರೆಯುತ್ತಾನೆ. ಆಮೇಲೆ ಇವಳು ಕೆಂಪು ಪೆನ್ನು ತೆಗೆದು ರೈಟ್ ಹಾಕುತ್ತಾಳೆ. ಕೆಂಪು ಬರುವುದು ಅಲ್ಲಿ ಮಾತ್ರ. ಅವಳ ಕ್ಲಾಸಿನ ಮಕ್ಕಳಿಗೆ ಕೆಂಪು ಪೆನ್ನು ಅಂದರೆ ಕೆಲಸ ಮುಗಿಯಿತು, ಆಟಕ್ಕೆ ಹೋಗಬಹುದು ಅಂತ.

ನನ್ನ ತಕರಾರು ಇಷ್ಟೇ. ನಾಲ್ಕನೇ ಕ್ಲಾಸಿನವರೆಗೆ ಮಕ್ಕಳು ಬರೆಯುವುದು ಹೆಚ್ಚಾಗಿ ಪೆನ್ಸಿಲಿನಲ್ಲಿ. ಅವರ ತಪ್ಪು ರಬ್ಬರಿಗೆ ಹೋಗುತ್ತದೆ. ಟೀಚರ್ ಹಾಕಿದ ಇಂಟು ಹೋಗುವುದಿಲ್ಲ. ಮಗು ಕಪ್ಪೆಯನ್ನು ಸರಿಯಾಗಿ ಬರೆದ ಮೇಲೂ ಅದರ ತಲೆಯ ಮೇಲೆ ವರ್ಷಪೂರ್ತಿ ಇಂಟು ಕೂತಿರುತ್ತದೆ. ಅದು ಕೆಂಪಾದರೇನು, ನೇರಳೆಯಾದರೇನು? ಸರ್ಕ್ಯುಲರ್ ಬರೆಸಿದವರು ಇಂಕಿನ ಬಣ್ಣ ಬದಲಿಸಿದರು, ಇಂಕನ್ನೇ ಬಿಡಬಹುದಿತ್ತು.

ಯಾಕೆ ಬಿಡುವುದಿಲ್ಲ ಅನ್ನುವುದಕ್ಕೆ ಒಂದು ಕಥೆ ಇದೆ. ಒಮ್ಮೆ ಶಾಲೆ ನೋಡಲು ಬಂದವರೊಬ್ಬರು ಇವಳ ಕ್ಲಾಸಿನ ನೋಟ್‌ಬುಕ್ಕುಗಳನ್ನು ತಿರುವಿ ಹಾಕಿ, "ಕರೆಕ್ಷನ್ನೇ ಮಾಡಿಲ್ವಲ್ಲ ಮೇಡಂ?" ಅಂದರಂತೆ. ತಪ್ಪುಗಳನ್ನೆಲ್ಲ ಮಕ್ಕಳೇ ಸರಿಮಾಡಿ ಚುಕ್ಕಿ ಅಳಿಸಿದ್ದರು. ಅಲ್ಲಿ ಇದ್ದದ್ದು ಬರೀ ರೈಟ್. ಇವಳು ವಿವರಿಸಿದಳು. ಅವರು ಕೇಳಿಸಿಕೊಂಡರು. ಕೊನೆಗೆ "ಆದರೂ ತಿದ್ದಿದ್ದು ಕಾಣಬೇಕು" ಅಂತ ಹೇಳಿ ಹೋದರು. ಯಾರಿಗೆ ಕಾಣಬೇಕು? ಬಂದು ನೋಡುವವರಿಗೆ. ಪುಟದ ಕೆಳಗೆ "ನೋಡಿದೆ" ಅಂತ ಬರೆದು ತಾರೀಕಿನ ಜೊತೆ ಸಹಿ ಹಾಕುವುದೂ ಅವರಿಗಾಗಿಯೇ. ಮೂರನೇ ಕ್ಲಾಸಿನ ಮಗು ತಾರೀಕು ನೋಡಿ ಏನು ಮಾಡುತ್ತದೆ?

ಖಾಸಗಿ ಶಾಲೆಯಲ್ಲಿ ಬಂದು ನೋಡುವವರು ನಾವೇ, ಅಪ್ಪ-ಅಮ್ಮಂದಿರು. ನಮ್ಮ ಗ್ರೂಪಿನಲ್ಲೇ ನೋಡಿದ್ದೇನೆ. ದೀರ್ಘದ ಒಂದು ತಪ್ಪು ಟೀಚರ್ ಕಣ್ಣಿಗೆ ಬೀಳದೆ ಹೋದರೆ ಪುಟದ ಫೋಟೋ ಬರುತ್ತದೆ. "ಫೀಸ್ ಮಾತ್ರ ತಗೊಳ್ತಾರೆ, ನೋಟ್ಸ್ ನೋಡಲ್ಲ" ಅಂತ ಕೆಳಗೆ ಒಂದು ಸಾಲು. ಇಂಥ ಪೋಷಕರಿದ್ದರೆ ಯಾವ ಟೀಚರ್ ಪೆನ್ಸಿಲ್ ಹಿಡಿಯುತ್ತಾರೆ? ಎದ್ದು ಕಾಣುವ ಬಣ್ಣದಲ್ಲಿ ಪುಟದ ತುಂಬ ಗೀಚಿಡುವುದೇ ಅವರಿಗೆ ಕ್ಷೇಮ. ಮಕ್ಕಳು ಕೆಂಪಿಗೆ ಹೆದರುತ್ತಾರೋ ಇಲ್ಲವೋ, ಟೀಚರುಗಳು ನಮಗೆ ಹೆದರುವುದಂತೂ ನಿಜ.

ಇನ್ನು ಆ ಸುತ್ತಿನೊಳಗಿನ ನಾಲ್ಕು. ಇದರ ಬಗ್ಗೆ ರೂತ್ ಬಟ್ಲರ್ ಅನ್ನುವವರು ಇಸ್ರೇಲಿನ ಶಾಲೆಗಳಲ್ಲಿ ಮಾಡಿದ ಅಧ್ಯಯನ 1988ರಲ್ಲಿ ಅಚ್ಚಾಯಿತು. ಕೆಲವು ಮಕ್ಕಳಿಗೆ ಅಂಕ ಮಾತ್ರ ಕೊಟ್ಟರು. ಕೆಲವರಿಗೆ ಅವರ ಕೆಲಸದ ಬಗ್ಗೆ ಎರಡು ಮಾತು ಬರೆದುಕೊಟ್ಟರು. ಇನ್ನು ಕೆಲವರಿಗೆ ಎರಡೂ. ಮಾತು ಮಾತ್ರ ಸಿಕ್ಕಿದ ಮಕ್ಕಳು ಮುಂದಿನ ಸಲ ಚೆನ್ನಾಗಿ ಮಾಡಿದರು, ಅವರ ಆಸಕ್ತಿಯೂ ಉಳಿಯಿತು. ಅಂಕದ ಜೊತೆ ಮಾತನ್ನೂ ಕೊಟ್ಟರೆ ಇನ್ನೂ ಒಳ್ಳೆಯದಾಗಬೇಕಿತ್ತು ಅಲ್ವಾ? ಆಗಲಿಲ್ಲ. ಅಂಕ ಬಂದ ಕೂಡಲೇ ಮಾತಿನ ಲಾಭ ಹೋಯಿತು. ನಮ್ಮ ಪುಟ್ಟಿ ಹೇಳಿದ್ದೂ ಅದನ್ನೇ. ಟೀಚರಿಗೆ ಅಂಕ ಬೇಕೇ ಬೇಕು, ಎಫ್‌ಎ-ಎಸ್‌ಎ ಅನ್ನುವ ಮೌಲ್ಯಮಾಪನಗಳ ಲೆಕ್ಕ ತುಂಬಬೇಕು. ತಮ್ಮ ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳಲಿ. ದಿನದಿನದ ಉಕ್ತಲೇಖನದ ಕೆಳಗೆ ಯಾಕೆ?

ಒಂದು ಆಕ್ಷೇಪ ಬರುತ್ತದೆ, ಅದು ಸರಿಯಾದದ್ದೇ. ಎಲ್ಲ ಅಳಿಸಿಬಿಟ್ಟರೆ ಮಗು ಯಾವ ತಪ್ಪನ್ನು ಪದೇ ಪದೇ ಮಾಡುತ್ತಿದೆ ಅಂತ ಗೊತ್ತಾಗುವುದು ಹೇಗೆ? ಇವಳು ಅದಕ್ಕೊಂದು ಸಣ್ಣ ಪಾಕೆಟ್ ಬುಕ್ ಇಟ್ಟುಕೊಂಡಿದ್ದಾಳೆ. ಯಾರಿಗೆ ಒತ್ತು ಬಿಟ್ಟುಹೋಗುತ್ತದೆ, ಯಾರಿಗೆ ದೀರ್ಘ, ಯಾರು ಹಕಾರ ನುಂಗುತ್ತಾರೆ ಅಂತ ಅದರಲ್ಲಿ ಒಂದೊಂದು ಗೀಟು. ಅದು ಟೀಚರಿಗೆ ಬೇಕಾದ ಮಾಹಿತಿ, ಟೀಚರ್ ಹತ್ತಿರವೇ ಇರುತ್ತದೆ.

ಇನ್ನೊಂದು ಆಕ್ಷೇಪ ಅವಳದ್ದೇ. "ನನಗೆ ಇರೋದು ಹದಿನಾಲ್ಕು ಮಕ್ಕಳು, ನಡೆಯತ್ತೆ. ಐವತ್ತು ಇದ್ದಿದ್ರೆ ನಾನೂ ಗೀಚಿ ಬಿಸಾಕ್ತಿದ್ದೆ. ಪೋಸ್ಟ್ ಹಾಕೋಕೆ ಮುಂಚೆ ಅದನ್ನೂ ಬರೀರಿ" ಅಂದಳು. ಬರೆದಿದ್ದೇನೆ. ಮಲೆನಾಡಿನ ಸಣ್ಣ ಶಾಲೆಗಳಿಗೆ ಮಕ್ಕಳಿಲ್ಲ ಅನ್ನುವುದೇ ಚಿಂತೆ, ಪೇಟೆಯ ಸೆಕ್ಷನ್ನುಗಳಲ್ಲಿ ಕಾಲಿಡಲು ಜಾಗ ಇಲ್ಲ. ಆರ್‌ಟಿಇ ಪ್ರಕಾರ ಐದನೇ ಕ್ಲಾಸಿನವರೆಗೆ ಮೂವತ್ತು ಮಕ್ಕಳಿಗೆ ಒಬ್ಬ ಟೀಚರ್ ಇರಬೇಕು. 17ನೇ ಸೆಕ್ಷನ್ ಹಾಕಿದವರು ಈ ಲೆಕ್ಕವನ್ನೂ ಗ್ರೂಪಿಗೆ ಹಾಕಿದ್ದರೆ ಚೆನ್ನಾಗಿತ್ತು. ಸರ್ಕಾರಿ ಶಾಲೆಯಲ್ಲಿ ಮಕ್ಕಳು ಕಡಿಮೆ ಇದ್ದರೂ ಬಿಸಿಯೂಟದ ಲೆಕ್ಕ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಆನ್‌ಲೈನ್ ಎಂಟ್ರಿ ಇದ್ದೇ ಇರುತ್ತದೆ. ಅವಳು ಜಗುಲಿಯಲ್ಲಿ ಕೂತು ತಿದ್ದುವುದು ಶಾಲೆಯಲ್ಲಿ ಪುರುಸೊತ್ತು ಸಿಗದೆ.

ದೊಡ್ಡ ಕ್ಲಾಸಿನ ವಿಷಯಕ್ಕೆ ನಾನು ಜಾಸ್ತಿ ತಲೆ ಹಾಕುವುದಿಲ್ಲ. ಅಲ್ಲಿ ಪೆನ್ನಿನಲ್ಲಿ ಬರೆಯುತ್ತಾರೆ, ಪೆನ್ಸಿಲ್ ಚುಕ್ಕಿಯ ಆಟ ನಡೆಯುವುದಿಲ್ಲ. ಎಸ್ಸೆಸ್ಸೆಲ್ಸಿ ಉತ್ತರ ಪತ್ರಿಕೆಯಲ್ಲಂತೂ ಮಗು ಬರೆದದ್ದು ಯಾವುದು, ಮೌಲ್ಯಮಾಪಕರು ಬರೆದದ್ದು ಯಾವುದು ಅಂತ ದೂರದಿಂದಲೇ ಗೊತ್ತಾಗಬೇಕು. ರಿಸಲ್ಟ್ ಬಂದ ಮೇಲೆ ಪ್ರತಿ ತರಿಸಿಕೊಂಡು, ಬೇಕಾದರೆ ಮರುಮೌಲ್ಯಮಾಪನಕ್ಕೆ ಹಾಕುವ ಅವಕಾಶ ಇದೆಯಲ್ಲ, ಆಗ ಕೆಂಪು ಎದ್ದು ಕಂಡರೇ ಮಕ್ಕಳಿಗೆ ಅನುಕೂಲ. ಅಲ್ಲಿ ಕೆಂಪಿರಲಿ.

ಮುಂದಿನ ಪೋಷಕರ ಸಭೆಯಲ್ಲಿ ನಾನು ಕೇಳುವುದು ಹೀಗೆ. ನಾಲ್ಕನೇ ಕ್ಲಾಸಿನವರೆಗೆ ತಿದ್ದುವುದು ಪೆನ್ಸಿಲಿನಲ್ಲಿ ಆಗಲಿ, ಮಗು ಸರಿಮಾಡಿದ ಮೇಲೆ ರೈಟ್ ಯಾವ ಬಣ್ಣದಲ್ಲಾದರೂ ಬೀಳಲಿ. ನೋಟ್‌ಬುಕ್ಕಿನಲ್ಲಿ ಅಂಕ ಬೇಡ. ಯಾವುದೋ ತಪ್ಪು ಉಳಿದುಹೋಯಿತು ಅಂತ ಪುಟದ ಫೋಟೋ ಗ್ರೂಪಿಗೆ ಹಾಕುವುದನ್ನು ನಾವು ನಿಲ್ಲಿಸೋಣ, ಟೀಚರನ್ನೇ ನೇರವಾಗಿ ಕೇಳೋಣ. ಪೆನ್ಸಿಲ್ ಬೇಕಾದರೆ ನಮ್ಮ ಅಂಗಡಿಯಿಂದಲೇ ಒಂದೆರಡು ಡಬ್ಬಿ ಬಿಟ್ಟಿ ಕೊಡುತ್ತೇನೆ. ಉಳಿದ ನೇರಳೆ ಪೆನ್ನು ವಾಪಸ್ ತಗೊಳ್ತೀರಾ ಅಂತ ಮಾತ್ರ ಕೇಳಬೇಡಿ.

ಐವತ್ತು ಮಕ್ಕಳ ಸೆಕ್ಷನ್ ನಡೆಸುವ ಟೀಚರುಗಳು ಇಲ್ಲಿ ಇದ್ದೀರಿ ಅಂತ ಗೊತ್ತು. ಇದು ಆಗುತ್ತಾ, ಇಲ್ವಾ ಅಂತ ಕೆಳಗೆ ಬರೆಯಿರಿ. ಆಗಲ್ಲ ಅಂದರೆ ಯಾಕೆ ಅಂತಲೂ ಬರೆಯಿರಿ, ಸಭೆಯಲ್ಲಿ ಅದನ್ನೂ ಓದಿ ಹೇಳುತ್ತೇನೆ.