ಆ ಲಿಂಕನ್ನು ಯಾಕೆ ಉಳಿಸಿಕೊಂಡಿರಿ?

ಇಂದು ಮಧ್ಯಾಹ್ನ ಸಹೋದ್ಯೋಗಿಯೊಬ್ಬರು ಮೂರು ವರ್ಷಗಳಿಂದ ಕೂಡಿಟ್ಟ ತಮ್ಮ ಬುಕ್‌ಮಾರ್ಕ್‌ಗಳನ್ನೆಲ್ಲ ನಮ್ಮೊಂದಿಗೆ ಹಂಚಿಕೊಂಡರು. ಆರುನೂರಕ್ಕೂ ಹೆಚ್ಚು ಲಿಂಕ್‌ಗಳು. ಆಸೆಯಿಂದ ‘ವಿಜ್ಞಾನ’ ಎಂಬ ಫೋಲ್ಡರ್ ತೆರೆದೆ. ಸಾಲು ಸಾಲಾಗಿ ಪುಟಗಳ ಶೀರ್ಷಿಕೆಗಳಿದ್ದವು. ಟ್ಯಾಗ್ ಇದ್ದ ಕಡೆಯಲ್ಲೆಲ್ಲ ‘ಉಪಯುಕ್ತ’ ಎಂಬ ಒಂದೇ ಪದವಿತ್ತು. ಯಾವ ತರಗತಿಗೆ, ಯಾವ ಪಾಠಕ್ಕೆ ಎಂದು ಕೇಳಿದರೆ, “ನೋಡಿದಾಗ ಚೆನ್ನಾಗಿದೆ ಅನ್ನಿಸಿತ್ತು ಮೇಡಂ, ಈಗ ನೆನಪಿಲ್ಲ” ಎಂದರು. ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ, ನಮ್ಮೆಲ್ಲರನ್ನೂ ಹಿಡಿದಿರುವ ಈ ಅಭ್ಯಾಸದ ಮೇಲೆ.

ನನ್ನನ್ನು ಬಲ್ಲವರಿಗೆ ಇದು ನನ್ನ ಹಳೆಯ ತಕರಾರೆಂದು ಗೊತ್ತು. ಲಿಂಕ್ ಉಳಿಸುವಾಗ ಜೊತೆಗೆ ಒಂದು ವಾಕ್ಯ ಬರೆಯಿರಿ ಎಂದು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಪತ್ರರಂಧ್ರಗಳ ಬಗ್ಗೆ ಹದಿನಾಲ್ಕು ನಿಮಿಷದ ಒಂದು ವೀಡಿಯೊ ನನ್ನ ಸಂಗ್ರಹದಲ್ಲಿದೆ. ಅದರ ಕೆಳಗೆ ಹೀಗೆ ಬರೆದಿದ್ದೇನೆ: “ದ್ಯುತಿಸಂಶ್ಲೇಷಣೆಯ ಎರಡನೇ ದಿನ. 3ನೇ ನಿಮಿಷದಿಂದ 5ನೇ ನಿಮಿಷದವರೆಗೆ ಮಾತ್ರ. ಕಾವಲು ಕೋಶಗಳು ನೀರು ಹೀರಿ ಉಬ್ಬಿದಾಗ ರಂಧ್ರ ತೆರೆಯುವುದು ಸ್ಪಷ್ಟವಾಗಿ ಕಾಣುತ್ತದೆ. ಮೊದಲು ಮಕ್ಕಳಿಂದ ಊಹೆ ಕೇಳಿ, ಆಮೇಲೆ ತೋರಿಸಿ.” ಬರೆಯಲು ಒಂದು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಆದರೆ ನಾನು ರಜೆಯಲ್ಲಿದ್ದ ದಿನ ಬೇರೊಬ್ಬ ಶಿಕ್ಷಕಿ ಇಷ್ಟನ್ನೇ ಓದಿಕೊಂಡು ಪಾಠ ಮಾಡಿ ಮುಗಿಸಿದರು. ಆ ಟಿಪ್ಪಣಿ ಇಲ್ಲದಿದ್ದರೆ ಹದಿನಾಲ್ಕು ನಿಮಿಷವೂ ಓಡುತ್ತಿತ್ತು, ಮಕ್ಕಳು ಆಕಳಿಸುತ್ತಿದ್ದರು.

ಬೇಕಾದಾಗ ಹುಡುಕಿದರೆ ಸಿಗುತ್ತದೆ, ಇಷ್ಟೆಲ್ಲ ಏಕೆ ಎನ್ನುವವರಿದ್ದಾರೆ. ಪುಟ ಸಿಗಬಹುದು, ಆದರೆ ನಲವತ್ತು ಪುಟ ನೋಡಿ ಇದೊಂದೇ ಸಾಕು ಎಂದು ಆರಿಸಿದ ಶಿಕ್ಷಕರ ವಿವೇಚನೆ ಯಾವ ಹುಡುಕಾಟದಲ್ಲಿಯೂ ಸಿಗುವುದಿಲ್ಲ. ಅಲ್ಲದೆ ಪುಟವೇ ಸಿಗುತ್ತದೆಂಬ ಖಾತ್ರಿ ಎಲ್ಲಿದೆ? 2013ರಲ್ಲಿದ್ದ ಜಾಲಪುಟಗಳ ಪೈಕಿ ಶೇಕಡಾ 38ರಷ್ಟು ಹತ್ತು ವರ್ಷಗಳ ನಂತರ ತೆರೆಯುತ್ತಿರಲಿಲ್ಲವೆಂದು ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ವರದಿ ಮಾಡಿತು. ಬ್ರೌಸರಿನಲ್ಲಿ ಅನಿಮೇಷನ್ ಓಡಿಸುತ್ತಿದ್ದ ಫ್ಲ್ಯಾಶ್ ತಂತ್ರಾಂಶಕ್ಕೆ ಬೆಂಬಲ 2020ರ ಕೊನೆಯ ದಿನ ನಿಂತಾಗ, ಅದನ್ನು ನಂಬಿ ರೂಪಿಸಿದ್ದ ಎಷ್ಟೋ ಪಾಠದ ಅನಿಮೇಷನ್‌ಗಳು ಬ್ರೌಸರಿನಲ್ಲಿ ಓಡದಾದವು. ಬುಕ್‌ಮಾರ್ಕ್ ಸೇವೆಗಳೂ ಶಾಶ್ವತವಲ್ಲ: ಗೂಗಲ್ ಬುಕ್‌ಮಾರ್ಕ್ಸ್ 2021ರಲ್ಲಿ ಮುಚ್ಚಿತು, ಪಾಕೆಟ್ 2025ರ ಜುಲೈನಲ್ಲಿ.

ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ನಾನು ಬಳಸುತ್ತಿದ್ದ ಸೇವೆಯೊಂದು ನಿಲ್ಲುತ್ತದೆಂದು ಮಿಂಚಂಚೆ ಬಂದಾಗ, ನಾಳೆ ನೋಡೋಣ ಎಂದು ಬಿಟ್ಟುಬಿಟ್ಟೆ. ನಾಲ್ಕು ವರ್ಷಗಳ ಟಿಪ್ಪಣಿಗಳು ಹೋದವು. ಲಿಂಕ್‌ಗಳಲ್ಲಿ ಬಹಳಷ್ಟನ್ನು ಮತ್ತೆ ಹುಡುಕಿಕೊಂಡೆ. ಟಿಪ್ಪಣಿಗಳು ಮಾತ್ರ ಮರಳಿ ಬರಲಿಲ್ಲ. ಈಗ ಪ್ರತಿ ತಿಂಗಳ ಮೊದಲ ಭಾನುವಾರ ಎಲ್ಲವನ್ನೂ ಎಕ್ಸ್‌ಪೋರ್ಟ್ ಮಾಡಿ, ಆ ಕಡತವನ್ನು ಬೇರೆ ಎರಡು ಕಡೆ ಇಡುತ್ತೇನೆ. ತುಂಬಾ ಮುಖ್ಯವಾದ ಪುಟಗಳನ್ನು ಜಾಲಪುಟಗಳ ಪ್ರತಿಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿ ಅದರ ವಿಳಾಸವನ್ನೂ ಜೊತೆಗೆ ಬರೆದಿಡುತ್ತೇನೆ.

ಟ್ಯಾಗ್‌ಗಳ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವರು ಮಕ್ಕಳು. 2003ರಲ್ಲಿ ಡೆಲಿಷಿಯಸ್ ಎಂಬ ಬುಕ್‌ಮಾರ್ಕ್ ತಾಣ ಶುರುವಾದಾಗ ಅದರ ಹೊಸತನವಿದ್ದದ್ದೇ ಇದರಲ್ಲಿ: ಫೋಲ್ಡರಿನ ಹಂಗಿಲ್ಲದೆ, ಪ್ರತಿಯೊಬ್ಬರೂ ತಮ್ಮದೇ ಪದಗಳಿಂದ ಪುಟಗಳನ್ನು ಗುರುತಿಸಿ ಇತರರಿಗೂ ಕಾಣುವಂತೆ ಇಡಬಹುದಿತ್ತು. ಕಳೆದ ವರ್ಷ ತರಗತಿಯ ಸಂಗ್ರಹಕ್ಕೆ ಟ್ಯಾಗ್ ಹಾಕುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿದೆ. ನಾನು ‘ವಿದ್ಯುತ್ ಮಂಡಲ’ ಎಂದು ಬರೆದಿದ್ದ ಪುಟಕ್ಕೆ ಒಬ್ಬ ಹುಡುಗಿ ‘ಬಲ್ಬ್ ಯಾಕೆ ಉರಿಯಲಿಲ್ಲ’ ಎಂಬ ಟ್ಯಾಗ್ ಸೇರಿಸಿದಳು. ಪರೀಕ್ಷೆಯ ಹಿಂದಿನ ವಾರ ಉಳಿದವರೂ ಆ ಪುಟವನ್ನು ತೆರೆದದ್ದು ಅವಳ ಟ್ಯಾಗಿನಿಂದಲೇ. ಕಲಿಯುವವರ ಗೊಂದಲ ಎಲ್ಲಿದೆಯೋ ಅಲ್ಲಿಂದಲೇ ಅವರ ಹುಡುಕಾಟ ಶುರುವಾಗುತ್ತದೆಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಸಂಜೆ ಆ ಸಹೋದ್ಯೋಗಿಯ ಜೊತೆ ಕುಳಿತು ‘ವಿಜ್ಞಾನ’ ಫೋಲ್ಡರಿನ ಮೊದಲ ಮೂವತ್ತು ಲಿಂಕ್‌ಗಳನ್ನು ಒಂದೊಂದಾಗಿ ತೆರೆದೆವು. ಒಂಬತ್ತು ತೆರೆಯಲೇ ಇಲ್ಲ, ಹನ್ನೆರಡನ್ನು ಅವರೇ ಅಳಿಸಿದರು. ಉಳಿದ ಒಂಬತ್ತಕ್ಕೆ ಅವರು ಒಂದೊಂದು ವಾಕ್ಯ ಬರೆದಿದ್ದಾರೆ. ನಾಳೆ ಮೂವತ್ತೊಂದನೆಯದರಿಂದ.