ಪೋರ್ಟ್ ಉಜ್ಜುವ ಮೊದಲು ಸೀಲ್ ನೋಡಿ

ಹಳೆ ಯೆಜ್ಡಿ ಬೈಕಿನ ಇಂಜಿನ್ನನ್ನು ಮನೆಯಲ್ಲೇ ಬಿಚ್ಚಿ ಕಟ್ಟಿದ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಎಕ್ಸಾಸ್ಟ್ ಪೋರ್ಟ್, ಅಂದ್ರೆ ಸಿಲಿಂಡರಿನಿಂದ ಹೊಗೆ ಹೊರಹೋಗುವ ಕಿಂಡಿಯನ್ನು, ಉಜ್ಜಿ ಎತ್ತರಿಸಿ ಅಂದಿದ್ದೀರಲ್ಲ ಸರ್, ಅದಕ್ಕೆ ನನ್ನ ಒಪ್ಪಿಗೆಯಿಲ್ಲ. ಟಾಪ್ ಸ್ಪೀಡ್ ಸ್ವಲ್ಪ ಬರಬಹುದು, ಕಡಿಮೆ ಆರ್‌ಪಿಎಂನಲ್ಲಿ ಎಳೆಯುವ ಶಕ್ತಿ ಹೋಗುತ್ತದೆ. ಈ 250 ಸಿಸಿ ಗಾಡಿಯ ಮಜಾ ಇರುವುದೇ ಅಲ್ಲಿ, ಅಲ್ವಾ? ಇದನ್ನು ಮಾಡುತ್ತಿದ್ದ ಮೈಸೂರಿನ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು. ಒಳ್ಳೆ ಹಳೆ ಸಿಲಿಂಡರನ್ನು ಸುಮ್ನೆ ಯಾಕೆ ಕೆಡಿಸಬೇಕು?

ನೀವು ಒಂದೇ ಸಾಲಿನಲ್ಲಿ ಮುಗಿಸಿದ ಕ್ರ್ಯಾಂಕ್ ಸೀಲ್ (ಪಿಸ್ಟನ್ ತಿರುಗಿಸುವ ಕ್ರ್ಯಾಂಕಿನ ಎರಡೂ ಕಡೆ ಗಾಳಿ, ಆಯಿಲ್ ತಡೆಯುವ ರಬ್ಬರ್ ಬಳೆ) ಬಗ್ಗೆ ಜಾಸ್ತಿ ಬರೆಯಬೇಕಿತ್ತು. ಇಂಥ ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲ್ ಮಿಶ್ರಣ ಮೊದಲು ಬರುವುದೇ ಕ್ರ್ಯಾಂಕ್ ಇರುವ ಗೂಡಿಗೆ, ಅಂದ್ರೆ ಕ್ರ್ಯಾಂಕ್ ಕೇಸಿಗೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆಳೆದುಕೊಂಡು ಹೊಗೆಯೋ ಹೊಗೆ. ಹೊರಗೆ ಒಂದು ಹನಿಯೂ ಸೋರಿರುವುದಿಲ್ಲ, ಗೇರ್ ಬಾಕ್ಸಿನಲ್ಲಿ ಮಾತ್ರ ಆಯಿಲ್ ಇಳಿಯುತ್ತಾ ಹೋಗುತ್ತದೆ. ಡೈನಮೊ ಕಡೆಯದು ಹೋದರೆ ಗಾಳಿ ಎಳೆಯುತ್ತದೆ, ಪೆಟ್ರೋಲ್ ಸಾಲದೆ ಇಂಜಿನ್ ಕಾದು ಪಿಸ್ಟನ್ ಜಾಮ್. ಜನ ಮಾತ್ರ ಕಾರ್ಬ್ಯುರೇಟರನ್ನು ಬಯ್ಯುತ್ತಾ ಕೂರುತ್ತಾರೆ.

ಇನ್ನೊಂದು ವಿಷಯ. ಪಿಸ್ಟನ್ ಸುತ್ತ ಕೂರುವ ರಿಂಗಿನ ಬಾಯಿ ಪಿಸ್ಟನ್ನಿನ ತೋಡಿನಲ್ಲಿರುವ ಸಣ್ಣ ಪಿನ್ನಿಗೇ ಸರಿಯಾಗಿ ಕೂರಬೇಕು. ತಪ್ಪಿದರೆ ಸಿಲಿಂಡರ್ ಇಳಿಸುವಾಗಲೇ ರಿಂಗ್ ಪಟ್ ಅಂತ ಮುರಿಯುತ್ತದೆ.

ಅಂದಹಾಗೆ, ಕ್ರ್ಯಾಂಕಿನ ಭಾಗಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಜೋಡಿಸಿ, ಓಲಾಡದೆ ನೆಟ್ಟಗೆ ತಿರುಗುತ್ತದಾ ಅಂತ ನೋಡಿಸಿದ್ದು ಎಲ್ಲಿ? ಅದನ್ನೂ ಮನೆಯಲ್ಲೇ ಸುತ್ತಿಗೆಯಲ್ಲಿ ಬಡಿಯಲಿಲ್ಲ ತಾನೇ?