ಗನ್‌ಡಮ್ ಕಾಣದ ಗನ್‌ಡಮ್ ಸೀರೀಸು, ಮತ್ತು ‘ಫೈಟ್ ಕಮ್ಮಿ’ ಅನ್ನೋರಿಗೆ ನನ್ನ ತಕರಾರು

ಮೊದಲೇ ಹೇಳಿಬಿಡ್ತೀನಿ, ಇದರಲ್ಲಿ ‘ಗನ್‌ಡಮ್ 0080’ ಅನ್ನೋ ಜಪಾನಿ ಅನಿಮೆಯ ಪೂರ್ತಿ ಕಥೆ ಇದೆ, ಕೊನೆ ಸಮೇತ. 1989ರಲ್ಲಿ ಬಂದಿದ್ದಕ್ಕೆ ಈಗೆಂಥ ಸ್ಪಾಯ್ಲರ್ ಅಂತ ನಗಬಹುದು, ಆದರೆ ಈ ಒಂದು ಸೀರೀಸಿಗೆ ಆ ಮರ್ಯಾದೆ ಕೊಡಲೇಬೇಕು. ನೋಡೋ ಮನಸ್ಸಿರೋರು ಇಲ್ಲಿಗೇ ನಿಲ್ಲಿಸಿ, ಆರು ಎಪಿಸೋಡ್ ಮುಗಿಸಿಕೊಂಡು ಬನ್ನಿ. ಮೂರು ಗಂಟೆ ಕೂಡ ಆಗಲ್ಲ.

‘ಮೊಬೈಲ್ ಸೂಟ್ ಗನ್‌ಡಮ್ 0080: ವಾರ್ ಇನ್ ದ ಪಾಕೆಟ್’. ಮೊಬೈಲ್ ಸೂಟ್ ಅಂದರೆ ಒಳಗೆ ಪೈಲಟ್ ಕೂತು ನಡೆಸೋ ದೈತ್ಯ ರೋಬೋ, ಗನ್‌ಡಮ್ ಅದರಲ್ಲೊಂದು. ಮೆಕಾ ಅನಿಮೆ, ಅಂದರೆ ಇಂಥ ರೋಬೋ ಕಥೆಗಳನ್ನ, ನೋಡೋರ ನಡುವೆ ಇದರ ಮಾತು ಬಂದಾಗಲೆಲ್ಲ ಅವೇ ಮೂರು ದೂರು. ಫೈಟ್ ಕಮ್ಮಿ. ಗನ್‌ಡಮ್ ಅಂತ ಹೆಸರಿಟ್ಟು ಗನ್‌ಡಮ್ಮನ್ನೇ ಸರಿಯಾಗಿ ತೋರಿಸಲ್ಲ. ಆ ಹುಡುಗ ತಲೆ ತಿಂತಾನೆ. ಮೂರೂ ನಿಜವೇ, ಅದರಲ್ಲಿ ನನ್ನ ವಾದ ಇಲ್ಲ. ಆದರೆ ಈ ಮೂರನ್ನೇ ಮುಂದಿಟ್ಟುಕೊಂಡು ‘ಆದ್ದರಿಂದ ಸಪ್ಪೆ’ ಅಂತ ತೀರ್ಪು ಕೊಡ್ತಾರಲ್ಲ, ಅಲ್ಲಿ ನನಗೆ ತಡೆಯೋಕಾಗಲ್ಲ.

ಸ್ವಲ್ಪ ಹಿಂದಿನ ಕಥೆ ಬೇಕು. ಜಪಾನಿನ ಟಿವಿಯಲ್ಲಿ ರೋಬೋ ಸೀರೀಸ್ ಅಂದರೆ ಬಹುಪಾಲು ಆಟಿಕೆ ಕಂಪನಿಯ ದುಡ್ಡು. 1979ರ ಮೊದಲ ಗನ್‌ಡಮ್‌ಗೂ ಕ್ಲೋವರ್ ಅನ್ನೋ ಆಟಿಕೆ ಕಂಪನಿಯೇ ಪ್ರಾಯೋಜಕ. ರೇಟಿಂಗ್ ಬರಲಿಲ್ಲ, ಆಟಿಕೆಯೂ ಅಂದುಕೊಂಡಷ್ಟು ಹೋಗಲಿಲ್ಲ, 52 ಎಪಿಸೋಡ್ ಅಂತ ಶುರುವಾಗಿದ್ದನ್ನ 43ಕ್ಕೆ ಕತ್ತರಿಸಿದರು. ಆಮೇಲೆ 1980ರಲ್ಲಿ ಬಂಡಾಯ್ ಅನ್ನೋ ಕಂಪನಿ ಯಂತ್ರಗಳನ್ನ ಜೋಡಿಸಿ ಕಟ್ಟೋ ಪ್ಲಾಸ್ಟಿಕ್ ಕಿಟ್ ಬಿಟ್ಟಿತು, ಅದರ ಮೇಲೆ ಜನ ಮುಗಿಬಿದ್ದರು. ಗನ್‌ಡಮ್ ಇವತ್ತು ಉಳಿದಿರೋದರಲ್ಲಿ ಕಿಟ್‌ಗಳ ಪಾಲು ಕಥೆಯ ಪಾಲಿಗಿಂತ ಕಮ್ಮಿ ಏನಲ್ಲ. ಇಂಥ ಏರ್ಪಾಡಿನಲ್ಲಿ ಪ್ರತಿ ವಾರ ಒಂದು ಯಂತ್ರ ಬಂದು ಇನ್ನೊಂದು ಯಂತ್ರವನ್ನ ಚಚ್ಚಲೇಬೇಕು. ಕಥೆಗಾರನಿಗೆ ಬೇಕೋ ಬೇಡವೋ, ಅಂಗಡಿಗೆ ಬೇಕು.

ಹೋಮ್ ವಿಡಿಯೋ ಈ ಹಿಡಿತವನ್ನ ಸ್ವಲ್ಪ ಸಡಿಲ ಮಾಡಿತು. 1983ರಲ್ಲಿ ‘ಡಲ್ಲೋಸ್’ ಅನ್ನೋ ಅನಿಮೆ ನೇರವಾಗಿ ವಿಡಿಯೋದಲ್ಲೇ ಬಂತು. ಟಿವಿಯಲ್ಲೂ ಇಲ್ಲ, ಥಿಯೇಟರಿನಲ್ಲೂ ಇಲ್ಲ. ಓವಿಎ, ಅಂದರೆ ನೇರ ವಿಡಿಯೋಗೇ ಮಾಡಿದ ಅನಿಮೆ, ಅನ್ನೋ ದಾರಿ ತೆರೆದದ್ದು ಅಲ್ಲಿಂದ. ಕ್ಯಾಸೆಟ್‌ಗಳೇನೂ ಅಗ್ಗ ಇರಲಿಲ್ಲ, ಆದರೆ ಕೊಳ್ಳೋನು ನೋಡುಗನೇ. ಸಂಜೆ ಐದೂವರೆಗೆ ಟಿವಿ ಮುಂದೆ ಕೂರೋ ಆರು ವರ್ಷದ ಮಗುವನ್ನ ಹಿಡಿದಿಡಬೇಕು ಅನ್ನೋ ಹಂಗಿಲ್ಲ. 0080 ಆ ದಾರಿಯಲ್ಲಿ ಬಂದ ಮೊದಲ ಗನ್‌ಡಮ್. 1989ರ ಮಾರ್ಚಿನಿಂದ ಆಗಸ್ಟ್‌ವರೆಗೆ, ಸನ್‌ರೈಸ್ ಸ್ಟುಡಿಯೋದಿಂದ. ಸೃಷ್ಟಿಕರ್ತ ಯೋಶಿಯುಕಿ ಟೊಮಿನೊ ನಿರ್ದೇಶಕರ ಕುರ್ಚಿಯಲ್ಲಿ ಇಲ್ಲ, ಅಲ್ಲಿ ಕೂತಿದ್ದು ಫುಮಿಹಿಕೊ ತಕಯಾಮ. ಪಾತ್ರಗಳನ್ನ ಬಿಡಿಸಿದ್ದು ‘ಮ್ಯಾಕ್ರಾಸ್’ ಅನಿಮೆ ಖ್ಯಾತಿಯ ಹರುಹಿಕೊ ಮಿಕಿಮೊಟೊ, ಯಂತ್ರಗಳು ಯುಟಕ ಇಜುಬುಚಿಯವರದ್ದು.

ಈಗ ಆ ತಲೆ ತಿನ್ನೋ ಹುಡುಗನಿಗೆ ಬರೋಣ. ಆಲ್‌ಫ್ರೆಡ್, ಎಲ್ಲರ ಬಾಯಲ್ಲಿ ಆಲ್. ಹನ್ನೊಂದು ವರ್ಷ. ಭೂಮಿಯ ಫೆಡರೇಶನ್ನಿಗೂ ಜಿಯಾನ್ ಅನ್ನೋ ಬಾಹ್ಯಾಕಾಶ ರಾಜ್ಯಕ್ಕೂ ಯುದ್ಧ ನಡೀತಿದೆ, ಆದರೆ ಆಲ್ ಇರೋ ಬಾಹ್ಯಾಕಾಶದ ವಸಾಹತು, ಸೈಡ್ 6, ತಟಸ್ಥ. ಹಾಗಾಗಿ ಅವನಿಗೆ ಯುದ್ಧ ಅಂದರೆ ಟಿವಿ ಸುದ್ದಿ, ವಿಡಿಯೋ ಗೇಮ್, ಸೈನಿಕರ ಬ್ಯಾಡ್ಜು, ಯಾವ ಮೊಬೈಲ್ ಸೂಟ್ ಜಾಸ್ತಿ ಗಟ್ಟಿ ಅನ್ನೋ ಜಗಳ. ಅಪ್ಪ ಅಮ್ಮ ಬೇರೆ ಬೇರೆ ಇದ್ದಾರೆ, ಓದಿನಲ್ಲಿ ಅಷ್ಟಕ್ಕಷ್ಟೆ, ಸುಳ್ಳು ಹೇಳೋದರಲ್ಲಿ ಪ್ರವೀಣ. ಒಂದು ದಿನ ಯುದ್ಧ ಕಾಲೋನಿಯ ಒಳಗೇ ನುಗ್ಗುತ್ತೆ. ಜಿಯಾನ್ ಕಡೆಯ ಜಾಕು ಯಂತ್ರ ತಲೆ ಮೇಲೆ ಹಾದುಹೋಗುವಾಗ ದೊಡ್ಡವರೆಲ್ಲ ಓಡ್ತಿದ್ದಾರೆ, ಇವನ ಮುಖ ಮಾತ್ರ ಅರಳುತ್ತೆ. ಕಣ್ಣು, ಬಾಯಿ, ಕೆನ್ನೆ ಎಲ್ಲ. ಆ ಶಾಟ್ ಅಲ್ಲೇ ನಿಲ್ಲಿಸಿ ನೋಡಿ. ನಾವು ಮೆಕಾ ಅನಿಮೆ ನೋಡುವಾಗ ನಮ್ಮ ಮುಖ ಇರೋದೇ ಹಾಗೆ.

ಬಿದ್ದ ಜಾಕು ಹತ್ತಿರ ವಿಡಿಯೋ ಕ್ಯಾಮೆರಾ ಹಿಡಿದು ಓಡ್ತಾನೆ. ಒಳಗಿದ್ದ ಜಿಯಾನ್ ಪೈಲಟ್ ಬರ್ನಿ, ಇನ್ನೂ ಮೀಸೆ ಬಲಿಯದ ಹೊಸಬ, ಪಿಸ್ತೂಲು ತೋರಿಸ್ತಾನೆ. ಕೊನೆಗೆ ಇಬ್ಬರ ನಡುವೆ ವ್ಯಾಪಾರ ಕುದುರುತ್ತೆ: ಚಿತ್ರೀಕರಿಸಿದ್ದ ಡಿಸ್ಕ್ ಇವನು ಕೊಡಬೇಕು, ದರ್ಜೆಯ ಬ್ಯಾಡ್ಜ್ ಅವನು ಕೊಡಬೇಕು. ಪಿಸ್ತೂಲಿನ ಎದುರು ನಿಂತು ಬ್ಯಾಡ್ಜಿಗೆ ಚೌಕಾಶಿ ಮಾಡೋ ಹುಡುಗ! ಇವನು ಕಿರಿಕಿರಿ ಮಾಡದೆ ಇನ್ನೇನು ಮಾಡ್ತಾನೆ? ‘ಫೈಟ್ ಕಮ್ಮಿ’ ಅಂತ ಗೊಣಗೋ ನೋಡುಗನನ್ನ ಕಥೆಯೊಳಗೇ ತಂದು ಕೂರಿಸಿದ್ದಾರೆ ಮಾರಾಯ್ರೆ. ಅವನಿಗೂ ಬೇಕಾಗಿರೋದು ಫೈಟೇ.

ಫೈಟ್ ಇಲ್ಲವೇ ಇಲ್ಲ ಅಂತಲೂ ಅಲ್ಲ. ನಾಲ್ಕನೇ ಎಪಿಸೋಡ್ ತಗೊಳ್ಳಿ. ಜಿಯಾನ್ ಕಡೆಯ ನೀಲಿ ಬಣ್ಣದ ಕೆಂಪ್ಫರ್ ಯಂತ್ರ ಊರಿನ ಮಧ್ಯೆ ಎದ್ದು ನಿಲ್ಲುತ್ತೆ, ರಸ್ತೆಯಲ್ಲಿ ನುಗ್ಗುತ್ತೆ, ಎದುರು ಬಂದ ಫೆಡರೇಶನ್ ತಂಡವನ್ನ ನೋಡನೋಡುತ್ತಿದ್ದಂತೆ ಮುಗಿಸುತ್ತೆ. ನಡೆಸ್ತಿರೋ ಮಿಶಾ, ಬರ್ನಿಯ ತಂಡದವನು, ಹೆಂಡ ಹೀರೋ ಆಸಾಮಿ. ಕೈಯಲ್ಲಿ ಬಿಡಿಸಿದ ಸೆಲ್ ಅನಿಮೇಶನ್, ಯಂತ್ರದ ತೂಕ ನೆಲಕ್ಕೆ ಗೊತ್ತಾಗುತ್ತೆ. ಆಮೇಲೆ ಫೆಡರೇಶನ್ನಿನ ಹೊಸ ಯಂತ್ರ ಗನ್‌ಡಮ್ ಅಲೆಕ್ಸ್ ತನ್ನ ಕೈಯೊಳಗಿನ ಗ್ಯಾಟ್ಲಿಂಗ್ ತೆರೆಯುತ್ತೆ, ಕೆಲವೇ ಸೆಕೆಂಡಿನಲ್ಲಿ ಕೆಂಪ್ಫರ್ ಜರಡಿ. ಇಷ್ಟು ಚೆನ್ನಾಗಿ ಬಿಡಿಸೋಕೆ ಬರೋರು ಬೇಕಂತಲೇ ಕಮ್ಮಿ ತೋರಿಸಿದ್ದಾರೆ ಅಂದರೆ ಅದು ಕೈಲಾಗದೆ ಅಲ್ಲ. ಆ ಫೈಟ್ ಮುಗಿದ ಮೇಲೆ ಕ್ಯಾಮೆರಾ ಉರಿಯೋ ಮನೆಗಳ ಕಡೆ ತಿರುಗುತ್ತೆ. ಬೇರೆ ಸೀರೀಸುಗಳಲ್ಲಿ ಅಷ್ಟೊತ್ತಿಗೆ ಎಂಡಿಂಗ್ ಹಾಡು ಶುರುವಾಗಿರುತ್ತೆ.

ಕೊರತೆಯೇ ಇಲ್ಲ ಅಂತ ಭಜನೆ ಮಾಡೋಕೂ ನನಗೆ ಆಗಲ್ಲ. ಜಿಯಾನ್ ಕಡೆಯ ಕರ್ನಲ್ ಕಿಲ್ಲಿಂಗ್ ತೀರಾ ರಟ್ಟಿನ ವಿಲನ್. ಹೆಸರೇ ಕಿಲ್ಲಿಂಗ್, ಇನ್ನೇನು ಹೇಳೋದು. ಗನ್‌ಡಮ್ಮನ್ನ ನಾಶ ಮಾಡೋಕೆ ಕಳಿಸಿದ ಬರ್ನಿಯ ತಂಡ ಸೋತರೆ ಕ್ರಿಸ್‌ಮಸ್ ದಿನ ಕಾಲೋನಿ ಮೇಲೆ ಅಣುಬಾಂಬ್ ಹಾಕ್ತೀನಿ ಅನ್ನೋ ಅವನ ಯೋಜನೆ, ಅದು ಕೊನೇ ಗಳಿಗೆಯಲ್ಲಿ ತಪ್ಪೋ ರೀತಿ, ಎರಡೂ ಕಥೆಗಾರನ ಅನುಕೂಲಕ್ಕೆ ಬಂದಂಗಿವೆ. ಬರ್ನಿಗೂ ಆಲ್‌ನ ಪಕ್ಕದ ಮನೆಯ ಕ್ರಿಸ್‌ಗೂ ನಡುವಿನ ಒಲವು ತೆಳು ಅನ್ನೋರ ಮಾತಲ್ಲೂ ಹುರುಳಿದೆ, ಇನ್ನೊಂದು ಎಪಿಸೋಡ್ ಇದ್ದಿದ್ದರೆ ಅದಕ್ಕೆ ಜಾಗ ಸಿಗ್ತಿತ್ತೇನೋ.

ಆದರೆ ಕೊನೇ ಎಪಿಸೋಡ್. ಬರ್ನಿ ಓಡಿಹೋಗಬಹುದಿತ್ತು, ಹೊರಟೂ ಇದ್ದ. ವಾಪಸ್ ಬರ್ತಾನೆ, ಕೆಟ್ಟು ಕೂತಿದ್ದ ಜಾಕುವನ್ನ ಆಲ್ ಜೊತೆ ಸೇರಿ ರಿಪೇರಿ ಮಾಡ್ತಾನೆ. ಗನ್‌ಡಮ್ಮನ್ನ ತಾನೇ ಉರುಳಿಸಿದರೆ ಬಾಂಬ್ ಬೀಳಲ್ಲ, ಊರು ಉಳಿಯುತ್ತೆ ಅನ್ನೋ ಲೆಕ್ಕ. ಕಾಡಿನಲ್ಲಿ ಹೊಗೆ ಹಬ್ಬಿಸಿ, ಸಾಂಟಾ ಬಲೂನುಗಳನ್ನ ಕಟ್ಟಿ, ಹೇಗೋ ಗನ್‌ಡಮ್ಮನ್ನ ದಾರಿ ತಪ್ಪಿಸಿ ಎಳೀತಾನೆ. ಆ ಗನ್‌ಡಮ್ ಒಳಗಿರೋಳು ಕ್ರಿಸ್. ಅವನಿಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಅಷ್ಟರಲ್ಲಿ ಬಾಂಬ್ ಹೊತ್ತ ಹಡಗು ಸಿಕ್ಕಿಬಿದ್ದಿದೆ, ಇನ್ನು ಕಾದಾಡೋ ಅಗತ್ಯವೇ ಇಲ್ಲ ಅಂತ ಆಲ್‌ಗೆ ಗೊತ್ತಾಗಿ, ನಿಲ್ಲಿಸೋಕೆ ಓಡ್ತಾನೆ. ಕೂಗಿದ್ದು ಯಾರಿಗೂ ಕೇಳಲ್ಲ. ಇಡೀ ಸೀರೀಸಿನ ದೊಡ್ಡ ಕಾಳಗ ಅದು, ಕೆಲವೇ ನಿಮಿಷ. ಮೊದಲ ಎಪಿಸೋಡಿನಲ್ಲಿ ಜಾಕು ಕಂಡು ಕುಣಿದಿದ್ದ ಹುಡುಗನೇ ಈಗ ನಿಲ್ಲಿಸಿ ಅಂತ ಕಿರುಚ್ತಿದ್ದಾನೆ. ಈ ಫೈಟ್ ಇನ್ನೂ ಹತ್ತು ನಿಮಿಷ ಇರಬೇಕಿತ್ತು ಅಂತ ಯಾರಿಗಾದರೂ ಅನ್ನಿಸಿದರೆ, ಅವರ ಜೊತೆ ನಾನು ವಾದಕ್ಕೆ ಇಳಿಯಲ್ಲ.

ಬರ್ನಿ ಸಾಯೋ ಮುಂಚೆ ಆಲ್‌ಗೆ ಅಂತ ಒಂದು ವಿಡಿಯೋ ಮಾಡಿಟ್ಟಿರ್ತಾನೆ. ನಾನು ಸತ್ತರೂ ಫೆಡರೇಶನ್ ಸೈನಿಕರನ್ನಾಗಲಿ ಗನ್‌ಡಮ್ ಪೈಲಟ್ಟನ್ನಾಗಲಿ ದ್ವೇಷಿಸಬೇಡ ಅನ್ನೋದು ಅದರ ಸಾರ. 1989ರಲ್ಲಿ ಜಪಾನಿನ ಯಾವುದೋ ಹುಡುಗ ಕ್ಯಾಸೆಟ್ ತಂದು, ಬಾಗಿಲು ಹಾಕಿಕೊಂಡು, ವಿಸಿಆರ್‌ಗೆ ತುರುಕಿ ನೋಡ್ತಿದ್ದಾಗ ಪರದೆಯಲ್ಲಿ ಇನ್ನೊಬ್ಬ ಹುಡುಗ ಸತ್ತವನ ವಿಡಿಯೋ ನೋಡ್ತಿರೋದು ಕಂಡಿರುತ್ತೆ. ಇದನ್ನ ಟಿವಿಗೆ ಅಂತ ಮಾಡಿದ್ದರೆ ಅದೇ ಪೆಟ್ಟು ಬೀಳ್ತಿತ್ತಾ? ನನಗೇನೋ ಅನುಮಾನ.

ಮುಂದಿನದು ಇನ್ನೂ ಕಠೋರ. ಕ್ರಿಸ್ ಭೂಮಿಗೆ ವರ್ಗವಾಗಿ ಹೊರಡುವಾಗ ‘ಬರ್ನಿಗೆ ನನ್ನ ನಮಸ್ಕಾರ ತಿಳಿಸು’ ಅಂತಾಳೆ. ಆಲ್ ಹೂಂ ಅಂತಾನೆ. ಅಷ್ಟೆ. ಇಷ್ಟು ದಿನ ಬ್ಯಾಡ್ಜಿಗಾಗಿ, ಜಂಬಕ್ಕಾಗಿ ಸುಳ್ಳು ಹೇಳ್ತಿದ್ದೋನು ಇಲ್ಲಿ ಸುಮ್ಮನಿರ್ತಾನೆ. ಶಾಲೆಯ ಸಭೆಯಲ್ಲಿ ಹೆಡ್‌ಮಾಸ್ಟರ್ ಯುದ್ಧದ ಬಗ್ಗೆ ಭಾಷಣ ಮಾಡ್ತಿರುವಾಗ ಅವನಿಗೆ ಅಳು ಉಕ್ಕುತ್ತೆ. ಯುದ್ಧ ಮುಗಿದುಹೋಯಿತು ಅಂತ ಅಳ್ತಿದ್ದಾನೆ ಅಂದುಕೊಂಡು ಗೆಳೆಯರು ಸಮಾಧಾನ ಮಾಡ್ತಾರೆ: ಅಳಬೇಡ ಕಣೋ, ಇನ್ನೊಂದು ಯುದ್ಧ ಬಂದೇ ಬರುತ್ತೆ, ಇದಕ್ಕಿಂತ ಜೋರಾಗಿರುತ್ತೆ.

ನಿಜಕ್ಕೂ ಬಂತು. 1991ರಲ್ಲಿ ‘0083’ ಅನ್ನೋ ಇನ್ನೊಂದು ಗನ್‌ಡಮ್ ಓವಿಎ, ಹದಿಮೂರು ಎಪಿಸೋಡ್, ಕಣ್ತುಂಬ ಫೈಟ್. ಅದನ್ನೂ ನಾನು ಬಾಯಿ ಚಪ್ಪರಿಸಿಕೊಂಡೇ ನೋಡಿದೆ, ಸುಳ್ಳೇಕೆ. ನನ್ನ ಮೇಜಿನ ಮೇಲೆ ಕೆಂಪ್ಫರ್ ಕಿಟ್ ಇದೆ, ಮಿಶಾ ಸತ್ತ ಯಂತ್ರ, ಶಾಟ್‌ಗನ್ ಹಿಡಿಸಿ ಚೆಂದದ ಪೋಸಿನಲ್ಲಿ ನಿಲ್ಲಿಸಿದ್ದೀನಿ. ಯುದ್ಧ ಬೇಡ ಅನ್ನೋ ಕಥೆ ಹೇಳಿ ಯುದ್ಧದ ಬೊಂಬೆ ಮಾರೋದು ಗನ್‌ಡಮ್ ಹುಟ್ಟಿದಾಗಿನಿಂದ ನಡೆದು ಬಂದಿರೋ ತಮಾಷೆ. ಉಳಿದ ಸೀರೀಸುಗಳು ಆ ತಮಾಷೆಯನ್ನ ನೋಡಿಯೂ ನೋಡದಂತೆ ಇರ್ತವೆ. ಇದು ಮಾತ್ರ ಕೊಳ್ಳೋ ಹುಡುಗನ ಮುಖವನ್ನೇ ತೋರಿಸಿತು.

ಇನ್ಬಾಕ್ಸಿನಲ್ಲಿ ಮತ್ತೆ ಮತ್ತೆ ಬರೋ ಪ್ರಶ್ನೆಗೆ ಉತ್ತರ ಕೊಟ್ಟುಬಿಡ್ತೀನಿ: ಮೊದಲ ಗನ್‌ಡಮ್‌ನ 43 ಎಪಿಸೋಡ್ ನೋಡದೆ ಇದನ್ನ ನೋಡಬಹುದಾ? ಧಾರಾಳವಾಗಿ. ಫೆಡರೇಶನ್, ಜಿಯಾನ್, ಅವೆರಡರ ನಡುವಿನ ಒಂದು ವರ್ಷದ ಯುದ್ಧ, ಇಷ್ಟು ಗೊತ್ತಿದ್ದರೆ ಸಾಕು. ಆ ಅಲೆಕ್ಸ್ ಮೂಲದಲ್ಲಿ ಮೊದಲ ಸೀರೀಸಿನ ನಾಯಕ ಅಮುರೋಗೆ ಅಂತ ಮಾಡಿದ್ದು ಅನ್ನೋದು ತಿಳಿದಿದ್ದರೆ ಒಂಚೂರು ಜಾಸ್ತಿ ರುಚಿ. ಜಪಾನೀಸ್ ದನಿಯಲ್ಲೇ ನೋಡಿ, ಸಬ್‌ಟೈಟಲ್ ಹಾಕಿಕೊಳ್ಳಿ. ಮತ್ತೆ ದಯವಿಟ್ಟು ಆರನೇದನ್ನ ಬಸ್ಸಲ್ಲಿ ಕೂತು ಫೋನಿನಲ್ಲಿ ನೋಡಬೇಡಿ. ನೋಡಿ ಆದಮೇಲೂ ‘ಫೈಟ್ ಕಮ್ಮಿ’ ಅಂತಲೇ ಅನ್ನಿಸಿದರೆ ಕಾಮೆಂಟಲ್ಲಿ ಬನ್ನಿ, ನಾನಿದ್ದೀನಿ.